ಅರಿಷಿಣ ಹಚ್ಚಿಸಿಕೊಂಡ ಅಂಬಾಸಡರ್

ಕಾರು ತೊಳೆಯುವುದೂ ಒಂದು ಉದ್ಯೋಗವೇ ಎಂದು ನನ್ನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಸೋದರಮಾವ ಕೇಳಿದ್ದರು. ನಾನು ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಮಂಡಕ್ಕಿ, ಅಂದರೆ ನಮ್ಮ ಕಡೆಯ ಒಗ್ಗರಣೆ ಮಂಡಾಳು, ತಿಂದು ಮುಗಿಸಿದೆ. ಎಷ್ಟೋ ವರ್ಷದ ಮೇಲೆ ಅವರೇ ಹೊಸ ಕಾರು ತಗೊಂಡು ಮಸ್ಕಿಯ ನನ್ನ ಅಂಗಡಿ ಮುಂದೆ ಬಂದು ನಿಂತರು. ಇನ್ನೂ ಕೆಳಗಿಳಿದಿರಲಿಲ್ಲ, ಕಿಟಕಿಯಿಂದಲೇ ಕೂಗಿದರು: "ಅಮರೇಶ, ನೀನಽ ಮುಟ್ಟಬೇಕು ನೋಡಪಾ. ಮತ್ಯಾರ ಕೈಯಾಗೂ ಕೊಡಬ್ಯಾಡ." ಆ ದಿನ ನಾನು ಅವರಿಗೆ ಒಗ್ಗರಣೆ ಮಂಡಾಳು ತರಿಸಿ ಕೊಟ್ಟೆ. ಅವರಿಗೆ ಹಳೆಯದು ನೆನಪಾಯಿತೋ ಇಲ್ಲವೋ ಗೊತ್ತಿಲ್ಲ, ನನಗೆ ಮಾತ್ರ ನಗು ತಡೆಯಲಾಗದೆ ಟೈರಿನ ಹಿಂದೆ ಹೋಗಿ ಕೂತೆ.

ಈಗ ಕೈ ನಿಲ್ಲಿಸಿದ್ದೇನೆ. ಸೊಂಟ ಬಗ್ಗುವುದಿಲ್ಲ, ಬಗ್ಗಿದರೆ ಏಳುವುದಿಲ್ಲ. ಅಂಗಡಿ ಹೊಸ ಹುಡುಗರ ಕೈಗೆ ಹೋಗಿದೆ. ನೊರೆ ಉಗುಳುವ ಪಿಚಕಾರಿ, ಕೋಣೆಯೊಳಗೆ ಕೂಡಿಸಿ ಬಳಿಯುವ ಲೇಪ, ಏನೇನೋ ಇಟ್ಟುಕೊಂಡಿದ್ದಾರೆ. ಆದರೂ ವಾರಕ್ಕೊಮ್ಮೆ ಯಾರಾದರೂ ಬಂದು, "ಕಾಕಾ, ಈ ಕಲಿ ಹೋಗವಲ್ದು, ಏನ್ ಮಾಡೂಣು?" ಅನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಏನೇನು ಕೆಡಿಸಿದೆ ಎನ್ನುವುದೇ ಇದರಲ್ಲಿ ಹೆಚ್ಚು ಬರುತ್ತದೆ. ಕಲಿತದ್ದೆಲ್ಲ ಅಲ್ಲಿಂದಲೇ.

ನಮ್ಮೂರು ದಢೇಸುಗೂರು. ಇಪ್ಪತ್ತಮೂರು ತುಂಬುವ ತನಕ ನಾನು ತೊಳೆದದ್ದು ಎತ್ತುಗಳನ್ನು. ಎಂಬತ್ತರ ದಶಕದ ನಡುವೆ, ಒಂದು ದಿನ ಕಾಲುವೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದೆ. ದಂಡೆಯ ಮೇಲೆ ಸ್ಕೂಟರ್ ನಿಲ್ಲಿಸಿಕೊಂಡು ಒಬ್ಬರು ಬಹಳ ಹೊತ್ತು ನೋಡುತ್ತ ನಿಂತಿದ್ದರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಬಾಯಲ್ಲಿ ಎಲೆ. ಸಿಂಧನೂರಿನಲ್ಲಿ ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿ ಇಟ್ಟಿದ್ದ ಖಾಸಿಂ ಉಸ್ತಾದರು ಅವರು. ಕೊನೆಗೆ ಅಂದರು: "ಏ ತಮ್ಮಾ, ಎತ್ತಿನ ಕಿವಿ ಹಿಂದನೂ ತೊಳಿಯಾಕತ್ತಿ. ಆ ಜಾಗಾ ಯಾರೂ ನೋಡಂಗಿಲ್ಲ, ಗೊತ್ತೈತಿಲ್ಲ?"

"ಎತ್ತಿಗೆ ಗೊತ್ತಾಕ್ಕೈತಲ್ರಿ" ಎಂದೆ.

ಉಸ್ತಾದರು ಎಲೆ ಉಗುಳಿ, "ನಾಳಿ ಏಳಕ್ಕ ಬಾ" ಎಂದು ಸ್ಕೂಟರ್ ಒದ್ದು ಹೋದರು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಉಸ್ತಾದರ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಂಡೆ ಅಂತಾಗಲಿ, ಬಿಡಿಸಿದೆ ಅಂತಾಗಲಿ ಹೇಳುವ ಪದ್ಧತಿ ಇರಲಿಲ್ಲ. ದಿನಾ ಸಂಜೆ ಬಾಗಿಲು ಹಾಕುವಾಗ ಒಬ್ಬೊಬ್ಬರಿಗೂ "ನಾಳಿ ಏಳಕ್ಕ ಬಾ" ಅನ್ನುತ್ತಿದ್ದರು. ಅಂದರೆ ಕೆಲಸ ಇದೆ. ಯಾರಿಗೆ ಅನ್ನಲಿಲ್ಲವೋ ಅವನು ತನ್ನ ಟವೆಲು ಎತ್ತಿಕೊಂಡು ಹೋಗುತ್ತಿದ್ದ, ಮತ್ತೆ ಬರುತ್ತಿರಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಹೀಗಾಗಿ ಸಂಜೆಯಾಯಿತೆಂದರೆ ನಮ್ಮ ಕಿವಿಗಳೆಲ್ಲ ನೆಟ್ಟಗಾಗಿ ನಿಲ್ಲುತ್ತಿದ್ದವು.

ಮೊದಲ ದಿನವೇ ನನ್ನ ಕಥೆ ಮುಗಿಯುವುದರಲ್ಲಿತ್ತು. ಉಸ್ತಾದರು ಚಹಾ ಕುಡಿಯಲು ಹೋಗಿದ್ದರು. ಅಂಗಳದಲ್ಲಿ ಕರಿ ಬಣ್ಣದ ಹಳೆ ಕಾರೊಂದು ಎರಿ ಮಣ್ಣು ಮೆತ್ತಿಕೊಂಡು ನಿಂತಿತ್ತು. ಅವರು ಬರುವಷ್ಟರಲ್ಲಿ ತೊಳೆದು ತೋರಿಸೋಣವೆಂಬ ಹುರುಪು ನನಗೆ. ಎತ್ತಿಗೆ ಬಳಸುವ ಹಾಗೆ ಭತ್ತದ ಹುಲ್ಲಿನ ಸಿಂಬಿ ಸುತ್ತಿ ಊರಿಂದಲೇ ತಂದಿದ್ದೆ. ಪ್ರೀತಿಯಿಂದ ತಿಕ್ಕಿದೆ. ಕಿವಿ ಹಿಂದೆ ಬಿಡಬಾರದೆಂದು ಕನ್ನಡಿಯ ಹಿಂದೆಯೂ ತಿಕ್ಕಿದೆ. ಒದ್ದೆ ಇರುವ ತನಕ ಕಾರು ಫಳಫಳ ಹೊಳೆಯಿತು. ಒಣಗಿದ ಮೇಲೆ ನೋಡುತ್ತೇನೆ, ಮುಂದಿನಿಂದ ಹಿಂದಿನ ತನಕ ಬರೀ ಗೆರೆ.

ಉಸ್ತಾದರು ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು.

"ಏನಲೇ ಇದು? ಸಾಲು ಹೊಡದೀಯಲ್ಲ. ಜ್ವಾಳಾ ಬಿತ್ತಾವನೋ, ಕಡ್ಲಿ ಬಿತ್ತಾವನೋ?"

ನನ್ನ ಪುಣ್ಯಕ್ಕೆ ಅದು ಗಿರಾಕಿಯ ಕಾರಲ್ಲ, ಉಸ್ತಾದರದ್ದೇ. ಗೆರೆಗಳನ್ನು ಹೋಗಿಸಲು ನಾಲ್ಕು ದಿನ ನನ್ನಿಂದಲೇ ಪಾಲಿಶ್ ತಿಕ್ಕಿಸಿದರು, ತೋಳಿನಲ್ಲಿ ಜೀವ ಉಳಿಯಲಿಲ್ಲ. ಆದರೆ ನಾಲ್ಕೂ ಸಂಜೆ "ನಾಳಿ ಏಳಕ್ಕ ಬಾ" ಅಂದರು. ನಾನು ಬಸ್ಸಿನಲ್ಲಿ ಊರಿಗೆ ಹಾಡಿಕೊಂಡು ಹೋದೆ.

ಆಮೇಲೆ ಪಾಠ ಶುರುವಾಯಿತು. ಮುಟ್ಟುವ ಮೊದಲು ನೀರು ಸುರಿದು ಮಣ್ಣನ್ನು ನೆನೆಯಲು ಬಿಡಬೇಕು. ನಮ್ಮ ಎರಿ ಮಣ್ಣು ಒಣಗಿದರೆ ಕಲ್ಲಿಗೆ ಸಮ, ಒಣ ಮಣ್ಣಿನ ಮೇಲೆ ಅರಿವೆ ಆಡಿಸಿದರೆ ಬಣ್ಣ ಹೋಯಿತು. ಟಾಪಿನಿಂದ ಕೆಳಗೆ ಬರಬೇಕು, ಗಾಲಿ ಕೊನೆಗೆ, ಗಾಲಿಯ ಅರಿವೆ ಬೇರೆ. ಬಕೆಟ್ ಎರಡಿರಬೇಕು, ಒಂದರಲ್ಲಿ ತೊಳೆಯುವ ನೀರು, ಇನ್ನೊಂದರಲ್ಲಿ ಅರಿವೆ ಜಾಲಿಸುವ ನೀರು. ಬಟ್ಟೆ ಸಾಬೂನು ಕಾರಿನ ಹತ್ತಿರ ಸುಳಿಯಬಾರದು. ಉಸ್ತಾದರು ಅಂಟವಾಳದ ಕಾಯಿ ನೆನೆಸಿ ಕಿವುಚಿದ ನೀರನ್ನು ಬಾಟಲಿಯಲ್ಲಿ ತುಂಬಿಟ್ಟಿರುತ್ತಿದ್ದರು. "ರೇಷ್ಮಿ ಸೀರಿಗೆ ಯಾವುದು ನಡಿತೈತಿ, ಬಂಗಾರಕ್ಕ ಯಾವುದು ನಡಿತೈತಿ, ಅದಽ ಗಾಡಿಗೆ" ಅನ್ನುತ್ತಿದ್ದರು. ಕೆಲಸಕ್ಕೆ ನಿಲ್ಲುವ ಮೊದಲು ನಮ್ಮ ಮೈ ತಪಾಸಣೆ ಬೇರೆ. ಕೈಯಲ್ಲಿ ಉಂಗುರ, ಕಡಗ ಇರಬಾರದು. ಅಂಗಿಗೆ ಗುಂಡಿ ಇದ್ದರೆ ಅಂಗಿಯನ್ನೇ ಬಿಚ್ಚಬೇಕು. ನನ್ನ ಬೆಳ್ಳಿ ಉಡದಾರವನ್ನೂ ಬಿಚ್ಚಿಸಿ ಮೊಳೆಗೆ ತೂಗುಹಾಕಿದರು. ನಮ್ಮವ್ವನಿಗೆ ಹೇಳಿದರೆ, ಅದೇನು ಕಾರು ತೊಳಿಯಾಕ ಹೋಗ್ಯಾನೋ, ಜೈಲಿಗೆ ಹೋಗ್ಯಾನೋ ಅಂದಳು.

ಇನ್ನು ಮೇಣ. ಡಬ್ಬಿಯಲ್ಲಿ ಬರುವ ವ್ಯಾಕ್ಸ್ ಪಾಲಿಶನ್ನು ಉಸ್ತಾದರು ಮೇಣವೆಂದೇ ಕರೆಯುತ್ತಿದ್ದರು. ಹೊಸ ಕಾರಿನ ಬಣ್ಣ ಹಸಿ ಮೈ ಇದ್ದಂತೆ, ಬಿಸಿಲು, ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ಅದರ ಮೇಲೆಯೇ. ಅದಕ್ಕೆ ಮೇಣದ ಹೊದಿಕೆ ಬೇಕು. ನಾನು ಮೊದಲ ಸಲ ಹಚ್ಚಿದಾಗ ಹೆಚ್ಚು ಹಚ್ಚಿದಷ್ಟು ಒಳ್ಳೆಯದೆಂದು ಅರ್ಧ ಡಬ್ಬಿ ಮುಗಿಸಿದೆ. "ಹೋಳಿಗಿಗೆ ತುಪ್ಪ ಬಡಸಾಕತ್ತೀಯೇನಲೇ?" ಎಂದು ಕಿವಿ ಹಿಂಡಿದರು. ಬೆರಳಿಗೆ ಸುತ್ತಿದ ಹಳೆ ಧೋತರದ ತುಂಡಿನಲ್ಲಿ ಚೂರೇ ಚೂರು, ಸಣ್ಣ ಸಣ್ಣ ಸುತ್ತು, ಮಂಜು ಮುಸುಕಿದ ಹಾಗಾಗುವ ತನಕ ಬಿಡುವುದು, ಆಮೇಲೆ ಒರೆಸುವುದು. ಕೊನೆಗೆ ನಾಲ್ಕು ಹನಿ ನೀರು ಚಿಮುಕಿಸಬೇಕು. ಹನಿ ಮಣಿಯಾಗಿ ನಿಂತು ಉರುಳಿದರೆ ಪಾಸು.

ಎಲ್ಲಕ್ಕಿಂತ ದೊಡ್ಡ ಕಾನೂನು ನೆರಳು. ತೊಳೆಯುವುದು ನೆರಳಲ್ಲಿ, ಮೇಣ ನೆರಳಲ್ಲಿ, ಒಣಗಿಸುವುದು ನೆರಳಲ್ಲಿ. "ಬಿಸಲು ಅಂದ್ರ ಬಣ್ಣದ ದುಶ್ಮನ್. ಹೊಸಾ ಗಾಡಿ ಬಿಸಲಾಗ ನಿಲ್ಲಿಸಿದವ ನನ್ನ ಅಂಗಡ್ಯಾಗ ನಿಲ್ಲಂಗಿಲ್ಲ" ಎಂದು ದಿನಕ್ಕೊಂದು ಸಲ ಹೇಳುತ್ತಿದ್ದರು. ನಾವು ನಮ್ಮ ಊಟದ ಬುತ್ತಿಯನ್ನು ಬಿಸಿಲಲ್ಲಿಟ್ಟು ಕಾರಿಗೆ ನೆರಳು ಹುಡುಕುತ್ತಿದ್ದೆವು.

ಇವೇ ಕಾನೂನುಗಳನ್ನು ನಾನು ಮುಂದೆ ಲಿಂಗಸುಗೂರಿಗೂ ಒಯ್ದೆ. ಅಲ್ಲಿ ಒಬ್ಬ ಗುತ್ತಿಗೆದಾರರ ಗಾಡಿಗಳನ್ನು ನೋಡಿಕೊಳ್ಳುವ ಕೆಲಸ. ನನ್ನ ಮೇಲೆ ಒಬ್ಬ ಮ್ಯಾನೇಜರ್ ಸಾಹೇಬರಿದ್ದರು. ಮಾಲೀಕರ ಹೊಸ ಕಾರಿನ ಮೇಲೆ ಅವರಿಗೆ ಮಾಲೀಕರಿಗಿಂತ ಹೆಚ್ಚು ಮೋಹ. ಯಾರೋ ಕುರಿಗಾರರು ಮಾಲೀಕರಿಗೆ ಗೌರವಕ್ಕೆಂದು ಹೊದಿಸಿದ ಒಳ್ಳೆಯ ಕಂಬಳಿಗಳಿದ್ದವು. ಸಾಹೇಬರು ಎರಡನ್ನು ಜೋಡಿಸಿ ಹೊಲಿಸಿ ಕಾರಿಗೆ ಹೊದಿಸಿದರು. ನಾನು ಬೇಡ ಎಂದೆ. "ಏ, ಕುರಿ ಬಿಸಲಾಗ ಕಪ್ಪಾಗ್ಯಾವೇನು? ಕಂಬಳಿಗಿಂತ ಗಟ್ಟಿ ಯಾವುದೈತಿ?" ಅಂದರು. ಆಷಾಢದ ಗಾಳಿ ಒಂದು ತಿಂಗಳು ಆ ಕಂಬಳಿಯನ್ನು ಕಾರಿನ ಮೇಲೆ ಹಗಲೆಲ್ಲ ಉಜ್ಜಿತು. ಒಳಗೆ ಧೂಳು, ಮೇಲೆ ಒರಟು ಉಣ್ಣೆ. ತೆಗೆದ ದಿನ ಬಣ್ಣ ಮಂಕಾಗಿ ರೊಟ್ಟಿಯ ಹಂಚಿನ ಹಾಗಾಗಿತ್ತು. ಸಾಹೇಬರು ನೋಡಿ, "ಅಮರೇಶ, ಕುರಿಗೆ ಕೂದಲಾದ್ರೂ ಮತ್ತ ಬರ್ತಾವು" ಎಂದು ನಿಟ್ಟುಸಿರು ಬಿಟ್ಟರು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು.

ತೊಂಬತ್ತರ ದಶಕದಲ್ಲಿ ಮಸ್ಕಿಯಲ್ಲಿ ಸ್ವಂತ ಅಂಗಡಿ ಇಟ್ಟಾಗ ಮಿಂಚುವ ಬಣ್ಣದ ಕಾರುಗಳು ಬಂದವು, ತಿರುಗುವ ಪಾಲಿಶ್ ಮಷೀನು ಬಂತು. ಮಷೀನು ತಂದ ಮೊದಲ ದಿನವೇ ನನ್ನ ಸ್ವಂತ ಸ್ಕೂಟರಿನ ಅಂಚಿನ ಬಣ್ಣ ಸುಟ್ಟು ತಗಡು ಕಾಣಿಸಿಬಿಟ್ಟೆ. ಆಮೇಲೆ ಒಂದು ತಿಂಗಳು ಗುಜರಿಯಿಂದ ತಂದ ಬಾಗಿಲಿನ ಮೇಲೆ ಕೈ ಪಳಗಿಸಿಕೊಂಡೆ. ನೀವೂ ಹಾಗೇ ಮಾಡಿ. ಗಿರಾಕಿಯ ಕಾರಿನ ಮೇಲೆ ಕಲಿಯಬೇಡಿ.

ಇಷ್ಟು ಹೇಳಿ ಹಿಂದಕ್ಕೆ ಹೋಗುತ್ತೇನೆ. ಯಾಕೆಂದರೆ ಸಿಂಧನೂರಿನ ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಬೇರೆ ರೀತಿ ಮುಗಿದಿದ್ದರೆ ಲಿಂಗಸುಗೂರೂ ಇಲ್ಲ, ಮಸ್ಕಿಯೂ ಇಲ್ಲ, ನಾನು ಮತ್ತೆ ಎತ್ತಿನ ಕಿವಿ ಹಿಂದೆಯೇ.

ಬೇಸಿಗೆ, ಲಗ್ನದ ದಿನಗಳು. ತುರ್ವಿಹಾಳದ ಬಸನಗೌಡರು ಹಾಲಿನಂಥ ಬಿಳಿ ಅಂಬಾಸಡರ್ ತಂದಿದ್ದರು. ಮಗಳ ಮದುವೆ, ಮದುಮಗ ಮುದಗಲ್ಲಿನವನು. ಬಿಳಿ ಕಾರಿನಲ್ಲೇ ಅಳಿಯನನ್ನು ಕರೆತರುತ್ತೇನೆಂದು ಗೌಡರು ಬೀಗರ ಊರಲ್ಲೆಲ್ಲ ಹೇಳಿಬಂದಿದ್ದರು. ಕಾರು ನೇರವಾಗಿ ಉಸ್ತಾದರ ಅಂಗಡಿಗೆ ಬಂತು. ಅವರಿಗೆ ಅಂದು ಮೈ ಸುಡುವ ಜ್ವರ. ಗೋಡೆಗೆ ಒರಗಿ ಕೂತುಕೊಂಡೇ ಮೇಣದ ಡಬ್ಬಿಯನ್ನು ನನ್ನ ಕಡೆ ಉರುಳಿಸಿದರು.

"ಇದು ನಿಂದು. ಹೊಸಾ ಗಾಡಿ ಇಲ್ಲೀತನಕ ಯಾರ ಕೈಯಾಗೂ ಕೊಟ್ಟಿಲ್ಲ. ಕೆಡಿಸಿದಿ ಅಂದ್ರ..." ಎಂದು ನಿಲ್ಲಿಸಿದರು. ಮುಂದಿನದು ನನಗೆ ಗೊತ್ತಿತ್ತು.

ಆ ಕಾರನ್ನು ನಾನು ಹೇಗೆ ತೊಳೆದೆ, ಹೇಗೆ ಮೇಣ ಹಚ್ಚಿದೆ ಎಂದು ಈಗಲೂ ಹೇಳಬಲ್ಲೆ. ಒರೆಸಿದ ಮೇಲೆ ಬಾನೆಟ್ಟಿನಲ್ಲಿ ನನ್ನ ಮುಖ ಕಂಡಿತು, ನಾನು ಚೆಲುವನೆಂದು ಆ ದಿನವೇ ನನಗೆ ತಿಳಿದದ್ದು. ಅಳಿಯನನ್ನು ಕರೆತರುವ ತನಕ ಕಾರಿಗೆ ಧೂಳು ಹಿಡಿಯದಂತೆ ನೋಡಿಕೊಳ್ಳಲು ನನ್ನನ್ನೂ ಕಾರಿನ ಜೊತೆ ತುರ್ವಿಹಾಳಕ್ಕೆ ಕಳಿಸಿದರು. ಅಲ್ಲಿ ಹಂದರದ ನೆರಳು ಹುಡುಕಿ ನಿಲ್ಲಿಸಿದೆ. ಮರುದಿನ ಮಧ್ಯಾಹ್ನ ಒಂದಕ್ಕೆ ಕಾರು ಮುದಗಲ್ಲಿಗೆ ಹೊರಡಬೇಕು.

ಬೆಳಿಗ್ಗೆ ಕಾಲುವೆಗೆ ಹೋಗಿ ಮೈ ತೊಳೆದುಕೊಂಡು ಏಳು ಗಂಟೆಗೆ ಬಂದೆ. ಹಂದರದ ಕೆಳಗೆ ಹಳದಿ ಕಾರು ನಿಂತಿತ್ತು.

ಯಾರೋ ಬೀಗರದ್ದಿರಬೇಕೆಂದು ಪಕ್ಕದಲ್ಲಿ ನನ್ನದನ್ನು ಹುಡುಕಿದೆ. ಆಮೇಲೆ ನಂಬರ್ ನೋಡಿದೆ. ನನ್ನದೇ. ಟಾಪು, ಬಾನೆಟ್ಟು, ಡಿಕ್ಕಿ, ನಾಲ್ಕೂ ಬಾಗಿಲು, ಎಣ್ಣೆಯಲ್ಲಿ ಕಲಸಿದ ಅರಿಷಿಣ ಬೆರಳಿನ ಗುರುತಿನ ಸಮೇತ ಮೆತ್ತಿತ್ತು. ಗೌಡರ ತಾಯಿ ಗೌರಮ್ಮಜ್ಜಿ ಖಾಲಿ ಬಟ್ಟಲು ಹಿಡಿದು, ನಾಲ್ಕೈದು ಮುತ್ತೈದೆಯರ ನಡುವೆ ನಿಂತು ಕಾರನ್ನು ಮೆಚ್ಚಿಕೊಳ್ಳುತ್ತಿದ್ದಳು.

"ಯಜ್ಜೀ! ಏನ್ ಮಾಡೀದಿ ಇದು?"

"ಯಾಕ ಹಂಗ ನೋಡ್ತೀಯಪಾ? ಮದುಮಗಳಿಗೆ ಹಚ್ಚಿದ್ದು ಉಳದಿತ್ತು. ಇದೂ ನಮ್ಮ ಮನಿಗೆ ಹೊಸಾದು, ಇದೂ ಲಗ್ನಕ್ಕ ಹೊಂಟೈತಿ. ಬರೇ ಮೈಲೆ ಕಳಿಸಬೇಕೇನು?"

"ಯಾವಾಗ ಹಚ್ಚಿದಿ?"

"ಕೋಳಿ ಕೂಗಿದಾಗ. ಚೊಲೊ ಹಿಡದೈತಿ ನೋಡು!"

ಹಿಡಿದಿತ್ತು. ಬೆರಳಿನಿಂದ ಒರೆಸಿದರೆ ಮೇಲಿನ ಮುದ್ದೆ ಬಂತು, ಹಳದಿ ಬರಲಿಲ್ಲ. ನಾನು ಪ್ರೀತಿಯಿಂದ ಹಚ್ಚಿದ ಮೇಣ ಅಜ್ಜಿ ಪ್ರೀತಿಯಿಂದ ಹಚ್ಚಿದ ಅರಿಷಿಣವನ್ನು ಪೂರ್ತಿ ಕುಡಿದು ಕೂತಿತ್ತು. ಅಂಟವಾಳದ ಬಾಟಲಿ ನೆನಪಾಯಿತು. ಅದು ಸಿಂಧನೂರಿನಲ್ಲಿ ಉಳಿದಿತ್ತು. ನನ್ನ ತಲೆ ಅಲ್ಲಿಗೇ ನಿಂತಿತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳ ಕೈಯಿಂದ ಸಾಬೂನು ಕಿತ್ತುಕೊಂಡು, ನೀರಿಗೆ ಕಲಸಿ, ಉಸ್ತಾದರ ಕಾನೂನು ಗಾಳಿಗೆ ತೂರಿ ಬಾನೆಟ್ಟಿನ ಮೇಲೆ ಸುರಿದೆ.

ಕಾರು ಕೆಂಪಾಯಿತು.

ಸ್ವಲ್ಪ ಅಲ್ಲ. ಸಾಬೂನು ನೀರು ಹರಿದಲ್ಲೆಲ್ಲ ರಕ್ತದ ಹಾಗೆ ಕೆಂಪು. ನಾನು ಗಾಬರಿಯಾಗಿ ಇನ್ನಷ್ಟು ಸುರಿದೆ, ಇನ್ನಷ್ಟು ಕೆಂಪಾಯಿತು. ಮುತ್ತೈದೆಯರು ಬಾಯಿಗೆ ಸೆರಗು ಒತ್ತಿ ನೆಲಕ್ಕೆ ಕೂತರು. ಒಬ್ಬಳಂತೂ, "ಯವ್ವಾ, ಗಾಡಿ ನಾಚಿಕೊಂತು ನೋಡ್ರೇ!" ಎಂದು ಹಂದರದ ಕಂಬ ಹಿಡಿದು ನಕ್ಕಳು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಆರತಿಯ ಕೆಂಪು ನೀರಾಗುತ್ತದೆಂದು ಹುಟ್ಟಿದಾಗಿನಿಂದ ನೋಡಿದವನು ನಾನು. ಸಾಬೂನಿಗೂ ಅದೇ ಗುಣವಿದೆ ಎಂದು ಬಟ್ಟೆ ಒಗೆಯುವ ಅವರಿಗೆಲ್ಲ ಗೊತ್ತು, ಒಗೆಯದ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಗೌಡರು ಹಲ್ಲು ತಿಕ್ಕುತ್ತ ಹೊರಗೆ ಬಂದರು. ಕಾರನ್ನು ನೋಡಿದರು. "ಯಾರ ಗಾಡಿ ಬಂದೈತಿ?" ಎಂದು ಕೇಳಿ ಅದನ್ನು ದಾಟಿ ಹಿತ್ತಲಿಗೆ ಹೋದರು. ಮತ್ತೆ ಬಂದರು. "ನಮ್ದು ಎಲ್ಲಿ?"

ನಾನು ಬೆರಳು ತೋರಿಸಿದೆ.

ಗೌಡರ ಬಾಯಿಂದ ಬೇವಿನ ಕಡ್ಡಿ ಬಿತ್ತು. "ಬಿಳೀ ಗಾಡಿ ಅಂತ ಹೇಳಿ ಬಂದೀನಲೇ ಮುದಗಲ್ಲಿನಾಗ! ಒಂದಕ್ಕ ಹೊಂಡಬೇಕು!"

ಗೌಡರ ಡ್ರೈವರ್ ಪೆಟ್ರೋಲು ಹಾಕಿ ಒರೆಸೋಣ ಎಂದ. ಒರೆಸಿದರೆ ಹಳದಿಯ ಜೊತೆ ಹೊಸ ಬಣ್ಣದ ಹೊಳಪೂ ಹೋಗುತ್ತದೆ. ಅಜ್ಜಿ ಅವನ ಕೈ ಹಿಡಿದು ನಿಲ್ಲಿಸಿದಳು. ಒಂದು ಬಕೆಟ್ ನೀರಿಗೆ ಅರ್ಧ ಲಿಂಬಿಹಣ್ಣು ಹಿಂಡಿ, ಅರಿವೆ ಅದ್ದಿ ಬಾನೆಟ್ಟಿನ ಮೇಲೆ ಎಳೆದಳು. ಕೆಂಪು ಹೋಗಿ ಮತ್ತೆ ಹಳದಿ! ನೆರೆದವರೆಲ್ಲ ಹೋ ಎಂದರು. ಒಂದು ತಾಸಿನಲ್ಲಿ ಕಾರು ಮೂರು ವೇಷ ಹಾಕಿತ್ತು. ನಾನು ಕೂಡಲೇ ಒಳ್ಳೆಯ ನೀರಿನಲ್ಲಿ ಎರಡು ಸಲ ಜಾಲಿಸಿದೆ, ಹುಳಿ ಬಣ್ಣದ ಮೇಲೆ ಉಳಿಯಬಾರದು. ಎಣ್ಣೆಯ ಜಿಡ್ಡು ಹೋಯಿತು, ತೆಳು ಹಳದಿ ಉಳಿಯಿತು.

"ಇನ್ನ ಬಿಸಲಿಗೆ ನಿಲ್ಲಸು" ಎಂದಳು ಅಜ್ಜಿ.

"ಯಜ್ಜಿ, ಹೊಸಾ ಗಾಡಿ ಬಿಸಲಾಗ ನಿಲ್ಲಸಬಾರದು."

"ಯಾರಂದ್ರು?"

"ನಮ್ಮ ಉಸ್ತಾದ್ರು."

"ನಿಮ್ಮ ಉಸ್ತಾದ್ ಎಷ್ಟು ಲಗ್ನದ ಧೋತರ ಒಗದಾನ? ಅರಿಷಿಣದ ಕಲಿ ಸಾಬೂನಿಗೆ ಹೋಗಂಗಿಲ್ಲ, ನೀರಿಗೆ ಹೋಗಂಗಿಲ್ಲ. ಬಿಸಲು ಬಿದ್ರ ತಾನಽ ಹೋಗತೈತಿ."

ಎಂಟು ಗಂಟೆಯಾಗಿತ್ತು. ಒಂದು ಕಡೆ ನಾಲ್ಕು ತಿಂಗಳಿಂದ ಅನ್ನ ಕೊಟ್ಟ ಕಾನೂನು, ಇನ್ನೊಂದು ಕಡೆ ಈ ಮುದುಕಿ. ಬಿಸಿಲಿಗೆ ನಿಲ್ಲಿಸಿ ಬಣ್ಣ ಕೆಟ್ಟರೆ ಉಸ್ತಾದರ ಬಾಯಿಂದ ಆ ಮೂರು ಪದ ಮತ್ತೆ ಕೇಳುವುದಿಲ್ಲ. ನಿಲ್ಲಿಸದಿದ್ದರೆ ಮುದಗಲ್ಲಿಗೆ ಹಳದಿ ಕಾರು ಹೋಗುತ್ತದೆ, ಆಗಲೂ ಕೇಳುವುದಿಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಅಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. "ನೂಕ್ರಿ!" ಎಂದು ಕೂಗಿದೆ.

ಮದುವೆಮನೆಯ ಅರ್ಧ ಗಂಡಸರು ಸೇರಿ ಕಾರನ್ನು ಕಣದ ಬಯಲಿಗೆ ನೂಕಿದರು. ಅಲ್ಲಿ ಒಂದು ಗಿಡವಿಲ್ಲ, ಮೋಡವಿಲ್ಲ. ಪಕ್ಕದಲ್ಲಿ ಹಪ್ಪಳ, ಸಂಡಿಗೆ ಒಣಹಾಕಿದ್ದರು. ಅಜ್ಜಿ ಸಂಡಿಗೆಯ ಕಾಗೆ ಓಡಿಸುವ ಕೋಲು ಹಿಡಿದು ನಡುವೆ ಕೂತು, ಕಾರನ್ನೂ ಅದೇ ಲೆಕ್ಕಕ್ಕೆ ಸೇರಿಸಿಕೊಂಡಳು. ಅರ್ಧ ತಾಸಿಗೊಮ್ಮೆ "ಮಗ್ಗಲಾ ತಿರಗಸು" ಅನ್ನುತ್ತಿದ್ದಳು. ಸಂಡಿಗೆ ತಿರುಗಿಸುವವರು ಸಂಡಿಗೆ ತಿರುಗಿಸಿದರು, ನಾವು ಕಾರು ತಿರುಗಿಸಿದೆವು.

ಹನ್ನೊಂದಕ್ಕೆ ಸಿಂಧನೂರಿನ ಬಸ್ಸಿನಿಂದ ಉಸ್ತಾದರು ಇಳಿದರು. ಜ್ವರ ಇಳಿದಿತ್ತು, ಹೊಸ ಕಾರು ನೋಡದೆ ಮನಸ್ಸು ನಿಂತಿರಲಿಲ್ಲ. ಸುಡು ಬಿಸಿಲಲ್ಲಿ, ಸಂಡಿಗೆಯ ನಡುವೆ, ನಿಂತಿದೆ ಅವರ ಅಂಗಡಿಯ ಮಾನ.

"ಸಾಬೂನು ವಾಸನಿ ಬರಾಕತ್ತೈತಿ. ಯಾರು ಹಾಕಿದ್ರು?" ದನಿ ಬಹಳ ಮೆತ್ತಗಿತ್ತು.

"ನಾನಽ, ಉಸ್ತಾದ್."

"ಬಿಸಲಾಗ ಯಾರು ನಿಲ್ಲಿಸಿದ್ರು?"

"ಅದೂ ನಾನಽ."

"ಅರಿಷಿಣ?"

"ಅದು ನಾನು" ಎಂದಳು ಅಜ್ಜಿ ಕೋಲು ಊರಿ ಎದ್ದು. "ಅದನ್ನ ನನಗ ಕೇಳು ಸಾಬಾ. ಅವಗ್ಯಾಕ ಕೇಳ್ತಿ?"

ಉಸ್ತಾದರು ಮದುವೆಮನೆಯಲ್ಲಿ ಅಜ್ಜಿಯೊಬ್ಬಳಿಗೆ ಏನು ಹೇಳಿಯಾರು? ಅಜ್ಜಿ ಬಾನೆಟ್ಟಿನ ಹತ್ತಿರ ಹೋದಳು. ಡ್ರೈವರ್ ಬೆಳಿಗ್ಗೆ ಮರೆತು ಬಿಟ್ಟ ಟವೆಲು ಅದರ ಮೇಲೆಯೇ ಇತ್ತು. ಅದನ್ನು ಎತ್ತಿದಳು. ಟವೆಲಿನ ಕೆಳಗೆ ಚೌಕಾಕಾರದ ಹಳದಿ. ಸುತ್ತಲೂ ಎಲ್ಲ ಬಿಳಿ.

ನಾನೂ ಆಗಲೇ ನೋಡಿದ್ದು. ಎದುರಿಗೇ ನಿಂತು ದಿಟ್ಟಿಸುತ್ತಿದ್ದರೂ ಕಣ್ಣಿಗೆ ತಿಳಿಯದಂತೆ ಬಿಸಿಲು ಮೂರು ತಾಸಿನಲ್ಲಿ ಅರಿಷಿಣವನ್ನು ತಿಂದುಹಾಕಿತ್ತು. ನನಗೆ ಕುಣಿಯಬೇಕೆನಿಸಿತು, ಕುಣಿದೆ ಕೂಡ. ಉಸ್ತಾದರು ನನ್ನನ್ನು ನೋಡಲಿಲ್ಲ. ಕೈಯ ಹಿಂಭಾಗದಿಂದ ಬಣ್ಣವನ್ನು ಸವರಿದರು, ಬಗ್ಗಿ ಓರೆಯಾಗಿ ನೋಡಿದರು, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಯಾ ಅಲ್ಲಾ" ಎಂದರು. ಆಮೇಲೆ ಅಂಗಿಯ ತೋಳು ಮಡಚಿ, "ಈ ಮಗ್ಗಲಾ ಇನ್ನಾ ಹಸಿ ಐತಿ, ತಿರಗಸ್ರಲೇ" ಎಂದು ಕೂಗಿದರು. ಅವರ ಮಾತು ಕೇಳಿ ನಾನು ನೂಕುವುದನ್ನು ಬಿಟ್ಟು ನಿಂತುಬಿಟ್ಟೆ.

ಹನ್ನೆರಡೂವರೆಗೆ ನೆರಳಿಗೆ ತಂದೆವು. ಒದ್ದೆ ಅರಿವೆಯಿಂದ ಮೈ ತಣ್ಣಗೆ ಮಾಡಿ, ಬಲಕ್ಕೆ ಅವರು, ಎಡಕ್ಕೆ ನಾನು, ಇಬ್ಬರೂ ಸೇರಿ ತೆಳ್ಳಗೆ ಮೇಣ ಹಚ್ಚಿ ಒರೆಸಿದೆವು. ಹನಿ ಮಣಿಯಾಗಿ ನಿಂತವು. ಲೈಟಿನ ಬಳೆಯ ಸಂದಿಯಲ್ಲಿ ಕೂದಲೆಳೆಯಷ್ಟು ಹಳದಿ ಉಳಿಯಿತು, ಅದು ಇರಲಿ ಎಂದಳು ಅಜ್ಜಿ. ಹಾಲಿನಂಥ ಕಾರು ಒಂದೂಕಾಲಿಗೆ ಮುದಗಲ್ಲಿಗೆ ಹೊರಟಿತು. ಗೌಡರು ಹೊಸ ಕಡ್ಡಿ ಹಿಡಿದು ಉಳಿದ ಹಲ್ಲು ತಿಕ್ಕಿದರು.

ಆದರೆ ಉಸ್ತಾದರು ನನ್ನ ಜೊತೆ ಮಾತಾಡಲಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತರೂ ಮಾತಾಡಲಿಲ್ಲ. ಕಾರು ಉಳಿದಿತ್ತು ನಿಜ, ಉಳಿಸಿದವಳು ಅಜ್ಜಿ. ಸಾಬೂನು ಹಾಕಿದವನು ನಾನು. ಅಂಥದ್ದಕ್ಕೆ ಅವರು ಹಿಂದೆ ಇಬ್ಬರ ಟವೆಲು ಎತ್ತಿಸಿದ್ದನ್ನು ನೋಡಿದ್ದೆ. ಬೂಂದಿಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಸಂಜೆಯ ಹೊತ್ತಿಗೆ ಮದುವೆಗೆಂದೇ ಹೊಲಿಸಿದ್ದ ಬಿಳಿ ಅಂಗಿ ಹಾಕಿಕೊಂಡು, ಉಸ್ತಾದರಿಗೆ ಕಾಣುವಂತೆ, ಆದರೆ ಕೈಗೆ ಸಿಗದಷ್ಟು ದೂರದಲ್ಲಿ ನಿಂತೆ.

ಹೊತ್ತು ಮುಳುಗುವಾಗ ಕಾರು ಬಂತು. ಬಾಜಾ ಬಜಂತ್ರಿ, ಬೀಗರು, ನಗು. ಅಳಿಯ ಇಳಿದ. ಗೌರಮ್ಮಜ್ಜಿ ಬಾಗಿಲಲ್ಲಿ ಅಗಲವಾದ ತಟ್ಟೆ ಹಿಡಿದು ನಿಂತಿದ್ದಳು, ಅದರ ತುಂಬ ಅರಿಷಿಣ ಸುಣ್ಣ ಕಲಸಿದ ಕೆಂಪು ನೀರು. ಅಳಿಯನಿಗೆ ದೃಷ್ಟಿ ನಿವಾಳಿಸಿದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಕೆ ಕಾರಿನ ಕಡೆ ತಿರುಗಿದಳು.

"ಇದಕೂ ಬಾಳ ಮಂದಿ ಕಣ್ಣು ಬಿದ್ದಾವು" ಎಂದಳು. ಮೂರು ಸುತ್ತು ನಿವಾಳಿಸಿದಳು. ತಟ್ಟೆ ಮೇಲಕ್ಕೆ ಎತ್ತಿದಳು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಇಬ್ಬರು ಬೀಗರನ್ನು ತಳ್ಳಿದ್ದು ನೆನಪಿದೆ. ತಟ್ಟೆಗೂ ಬಾನೆಟ್ಟಿಗೂ ನಡುವೆ ಎರಡೂ ಕೈ ಚಾಚಿ ನಿಂತೆ. ಕೆಂಪು ನೀರು ಒಂದು ಹನಿಯೂ ಉಳಿಯದೆ ನನ್ನ ಬಿಳಿ ಅಂಗಿಯ ಮೇಲೆ ಬಿತ್ತು. ಬಾಜಾದವರು ಬಾರಿಸುವುದನ್ನು ನಿಲ್ಲಿಸಿದರು. ಆಮೇಲೆ ಹಂದರಕ್ಕೆ ಹಂದರವೇ ನಕ್ಕಿತು. ಅಳಿಯನೂ ಬಾಸಿಂಗ ಹಿಡಿದುಕೊಂಡು ನಕ್ಕ.

ಉಸ್ತಾದರು ಮಾತ್ರ ನಗಲಿಲ್ಲ. ಗುಂಪನ್ನು ಸೀಳಿಕೊಂಡು ಬಂದು ಮೊದಲು ಬಾನೆಟ್ಟು ನೋಡಿದರು. ಬಗ್ಗಿ ಮಡ್‌ಗಾರ್ಡ್ ನೋಡಿದರು, ಲೈಟು ನೋಡಿದರು. ಎಲ್ಲಿಯೂ ಒಂದು ಹನಿ ಇರಲಿಲ್ಲ. ಆಮೇಲೆ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಗಲ್ಲದಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು, ನಾನು ಒರೆಸಿಕೊಳ್ಳಲೂ ಹೆದರಿ ನಿಂತಿದ್ದೆ.

"ನಾಳಿ ಏಳಕ್ಕ ಬಾ" ಎಂದರು.

ನಾಲ್ಕು ಹೆಜ್ಜೆ ಹೋಗಿ ತಿರುಗಿದರು.

"ಬರೂ ಮುಂದ ಆ ಅಂಗೀನ ಬಿಸಲಿಗೆ ಹಾಕಿ ಬಾ. ನೆಳ್ಳಾಗ ಒಣಗಸಬ್ಯಾಡಲೇ."